ಹಸಿ ಬಣ್ಣದ ಬಾಣಂತನ

ಲಗ್ಗೆರೆಯಲ್ಲಿ ಗಂಡಸು ಮೀಸೆ ಬೋಳಿಸಿಕೊಂಡು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಮನೆಗೆ ಸುಣ್ಣ ಹೊಡೆಸಿದರೆ "ಏನ್ ವಿಶೇಷ?" ಎಂದು ಕೇಳಿ ಸುಮ್ಮನಾಗುತ್ತಾರೆ. ಆದರೆ ಹಳೆಯ ಕಾರಿಗೆ ಹೊಸ ಬಣ್ಣ ಹೊಡೆಸಿ ಮನೆ ಮುಂದೆ ತಂದು ನಿಲ್ಲಿಸಿ ನೋಡಿ. ಬೀದಿಗೆ ಬೀದಿಯೇ ಬಂದು ಅದರ ಮೇಲೆ ಬೆರಳಿಡುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಒಬ್ಬ, ಒಣಗಿದೆ ಎಂದು ಅವನು ಹೇಳಿದ್ದು ನಿಜವೋ ಸುಳ್ಳೋ ನೋಡಲು ಇನ್ನೊಬ್ಬ. ನನ್ನ ಬಾಳಿನಲ್ಲಿ ಇಂಥವು ಒಂದರ ಹಿಂದೆ ಒಂದು ನಡೆಯುತ್ತಲೇ ಇರುತ್ತವೆ. "ಎಲ್ಲಾ ನಿಮಗೇ ಯಾಕ್ರೀ ಆಗೋದು?" ಎಂದು ಹೆಂಡತಿ ಕೇಳುತ್ತಾಳೆ. ನಾನು ಬಗ್ಗುವುದಿಲ್ಲ, ಅದಕ್ಕೇ ಆಗುವುದು. ಬಗ್ಗುವವರಿಗೆ ಏನೂ ಆಗುವುದಿಲ್ಲ. ಅವರ ಕಾರಿನ ತುಂಬ ಮಂದಿಯ ಬೆರಳ ಗುರುತು ಇರುತ್ತದೆ, ಅಷ್ಟೇ.

೧. ಬಿದ್ದ ಹಲ್ಲಿಗೆ ಪೇಸ್ಟು

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ನಮ್ಮ ಕಡೆ ಮರ, ಮನುಷ್ಯ, ಇಡ್ಲಿ, ಎಲ್ಲದರ ಮೇಲೂ ಸಿಮೆಂಟಿನ ಧೂಳು ಕೂತಿರುತ್ತಿತ್ತು. ನನ್ನ ಕಾರು ಆಗಲೇ ಹಳೆಯದು. ಬಾನೆಟ್ಟಿನ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು ಶಾಲೆಯ ಭೂಪಟದ ಹಾಗೆ ಕಾಣುತ್ತಿತ್ತು. ಇಂಜಿನ್ ಮಾತ್ರ ಗಟ್ಟಿ, ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಹಾಗಾಗಿ ಪೂರ್ತಿ ಮೈಗೆ ಹೊಸ ಬಣ್ಣ ಹೊಡೆಸುತ್ತೇನೆ, ಅದೂ ಮೆರೂನ್ ಬಣ್ಣ ಎಂದು ಮನೆಯಲ್ಲಿ ಘೋಷಿಸಿದೆ.

ಆವತ್ತು ನನ್ನ ಷಡ್ಡಕರು ಮನೆಗೆ ಬಂದಿದ್ದರು. ಹೆಂಡತಿಯ ಅಕ್ಕನ ಗಂಡ. ಕುಂದಲಹಳ್ಳಿ ಕಡೆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ವಾಸ. ಹೊಸದಾಗಿ ಒಂದು ದೊಡ್ಡ ಬಿಳಿ ಕಾರು ಕೊಂಡು ಅದಕ್ಕೆ ಅದೇನೋ ವಿಶೇಷ ಕೋಟಿಂಗ್ ಹಾಕಿಸಿದ್ದರು. ಕೋಟಿಂಗ್ ಎಂಬ ಮಾತು ಬಂದಾಗಲೆಲ್ಲ ಗರ್ಭಗುಡಿಯಲ್ಲಿ ನಿಂತವರ ಹಾಗೆ ದನಿ ತಗ್ಗಿಸುತ್ತಿದ್ದರು. ನನ್ನ ಘೋಷಣೆ ಕೇಳಿ ಕಾಫಿ ಲೋಟ ಕೆಳಗಿಟ್ಟರು.

"ಈ ಡಬ್ಬಕ್ಕೆ ಬಣ್ಣಾನಾ? ಬಿದ್ದೋದ ಹಲ್ಲಿಗೆ ಪೇಸ್ಟ್ ಹಚ್ಚಿದಂಗಾಯ್ತು ಬಿಡಪ್ಪ. ಮಾರ್ಬಿಡು. ನನಗೆ ಗೊತ್ತಿರೋ ಡೀಲರ್ ಇದಾನೆ."

"ಮಾರಲ್ಲ ಅಣ್ಣ."

"ನಿನ್ನ ಬೀದೀಲಿ ಹೊಸ ಬಣ್ಣ ಹಬ್ಬದವರೆಗೂ ಉಳಿಯಲ್ಲ."

"ಉಳಿಸ್ತೀನಿ ಅಣ್ಣ."

ಇಬ್ಬರ ದನಿಯೂ ಏರತೊಡಗಿತು. ಹೆಂಡತಿ ಅಡುಗೆಮನೆಯಿಂದ ಬಂದು ನ್ಯಾಯ ಹೇಳಿದಳು. "ಇಬ್ಬರೂ ಕಿತ್ತಾಡ್ಬೇಡಿ. ಆಯುಧಪೂಜೆ ದಿನ ಭಾವ ಬಂದು ನೋಡ್ಲಿ. ಒಂದೇ ಒಂದು ಗೀರು ಕಂಡ್ರೂ ಕಾರು ಮಾರೋದು. ಕಾಣ್ಲಿಲ್ಲ ಅಂದ್ರೆ ಮಾರೋ ಮಾತು ಇನ್ಯಾರೂ ಎತ್ತಬಾರದು."

ಅವಳ ಮನಸ್ಸು ಯಾವ ಕಡೆಗಿದೆ ಎಂಬುದು ನನಗೆ ಗೊತ್ತಿತ್ತು. ತನ್ನ ತಂಗಿಯ ಮಗಳ ಮದುವೆಗೆ ಹೋದಾಗ ಛತ್ರದ ಎರಡು ಬೀದಿ ಹಿಂದೆಯೇ ಕಾರು ನಿಲ್ಲಿಸಲು ಹೇಳಿ ನಡೆದುಕೊಂಡು ಬಂದವಳು ಅವಳು. ಆದರೂ ಒಪ್ಪಿಕೊಂಡೆ.

ಷಡ್ಡಕರು ಹೊರಡುವಾಗ ನನ್ನ ಕಾರಿನ ಬಾನೆಟ್ಟನ್ನು ಪ್ರೀತಿಯಿಂದ ತಟ್ಟಿದರು. ಒಂದು ಚಕ್ಕೆ ಎದ್ದು ಬಿತ್ತು. "ನೋಡಪ್ಪ, ಇದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ," ಎಂದು ಹೇಳಿ ಹೋದರು.

೨. ಪಥ್ಯ

ಬಣ್ಣ ಹೊಡೆದವನು ಗದಗದ ಕಡೆಯವನು. ಲಗ್ಗೆರೆಯಲ್ಲೇ ತಗಡಿನ ಶೆಡ್ಡು. ಕೆಲಸದ ಬಗ್ಗೆ ಅವನಿಗೆ ಬಹಳ ಜಂಬ, ಮಾತಿನ ಬಗ್ಗೆ ಅದಕ್ಕಿಂತ ಹೆಚ್ಚು. ಕಾರು ತರಲು ನಾನೂ ಹೆಂಡತಿಯೂ ಹೋದೆವು. ಮೆರೂನ್ ಬಣ್ಣ ಒಳ್ಳೆ ಹೊಸ ರೇಷ್ಮೆ ಸೀರೆಯಂತೆ ಮಿರಮಿರ ಮಿಂಚುತ್ತಿತ್ತು. ಮುಟ್ಟಲು ಕೈ ಚಾಚಿದೆ. ಅವನು ಕೈಗೆ ಒಂದೇಟು ಹಾಕಿದ.

"ಮ್ಯಾಲ ಒಣಗೇತ್ರೀ ಸಾಹೇಬ್ರ, ಒಳಗ ಇನ್ನಾ ಹಸಿ ಐತಿ. ಒಂದ್ ತಿಂಗಳಾ ಪಾಲಿಶ್ ಹಚ್ಚಂಗಿಲ್ಲ. ಸೋಪಿನ ಪುಡಿ ಹಾಕಂಗಿಲ್ಲ. ಕವರ್ ಹೊಚ್ಚಂಗಿಲ್ಲ. ಬರೇ ತಣ್ಣೀರು, ಮೆತ್ತನ ಅರಿವಿ."

"ಬಿಸಿಲಲ್ಲಿ ನಿಲ್ಲಿಸಬಹುದಾ?"

"ಭಾಳ ಹೊತ್ತು ಬ್ಯಾಡ್ರಿ."

"ಮರದ ಕೆಳಗೆ?"

"ಮರದ ಕೆಳಗಂತೂ ಬ್ಯಾಡೇ ಬ್ಯಾಡ. ಕಾಗಿ ಹೇಸಿಗಿ ಮಾಡಿದ್ರ ಬಣ್ಣಾನ ತಿಂದ್ ಬಿಡ್ತದ."

"ಹಂಗಾದ್ರೆ ಎಲ್ಲಿ ನಿಲ್ಲಿಸಲಿ ಮಾರಾಯಾ?"

"ಅದನ್ನ ನೀವ ವಿಚಾರ ಮಾಡ್ರಿ. ನನ್ನ ಕೆಲಸ ಬಣ್ಣ ಹೊಡಿಯೂದು." ಇಷ್ಟು ಹೇಳಿದವನು ನಾವು ಹೊರಡುವಾಗ ಮತ್ತೆ ಕೂಗಿದ. "ಮತ್ತ ಪೂಜಿ ಗೀಜಿ ಅಂತ ಹಸಿ ಬಣ್ಣದ ಮ್ಯಾಲ ಅರಿಶಿಣ ಬಳಿಬ್ಯಾಡ್ರಿ, ಹಿಡದ್ ಬಿಡ್ತೈತಿ! ಬಾಣಂತಿನ್ನ ಹೆಂಗ ನೋಡ್ಕೋತೀರಿ, ಹಂಗ ನೋಡ್ಕೋರಿ!"

ನಾನು ಕಾರನ್ನು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದೆ. ಹಳ್ಳ ಬಂದಲ್ಲೆಲ್ಲ ಇಳಿದು ನೋಡಿದೆ. ಲಾರಿ ಬಂದಾಗ ಧೂಳು ತಗ್ಗುವವರೆಗೆ ರಸ್ತೆ ಬದಿಯಲ್ಲಿ ನಿಂತೆ. ಮನೆಯ ತಿರುವಿನಲ್ಲಿ ಹೆಂಡತಿ ಬಾಯಿ ಬಿಟ್ಟಳು.

"ನಾನು ಬಾಣಂತಿಯಾಗಿದ್ದಾಗ ಹತ್ತನೇ ದಿನಕ್ಕೇ ಬಂದು 'ನನ್ನ ನೀಲಿ ಷರಟು ಎಲ್ಲಿಟ್ಟಿದೀಯ' ಅಂತ ಎಬ್ಬಿಸಿ ಕೇಳಿದ್ದು ಯಾರು?"

ನಾನು ಗೇರು ಬದಲಾಯಿಸಿದೆ.

೩. ಅಜ್ಜಿಯ ಚಪ್ಪಡಿ

ಎದುರು ಮನೆಯ ಅಜ್ಜಿ ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವವಳು. ನಮ್ಮ ಬೀದಿ ಎಷ್ಟು ಇಕ್ಕಟ್ಟೆಂದರೆ ಬಿಸಿಲು ದಿನದಲ್ಲಿ ಸ್ವಲ್ಪ ಹೊತ್ತು ಬಂದು, ನನ್ನ ಕಾರಿರುವ ಜಾಗದಲ್ಲಿ ಕೂತು, ಎದ್ದು ಹೋಗುತ್ತದೆ. ಒಂದು ಭಾನುವಾರ ಹೊರಗೆ ಬಂದು ನೋಡುತ್ತೇನೆ, ನನ್ನ ಬಾನೆಟ್ಟಿನ ಮೇಲೆ ಹಳೆಯ ಪಂಚೆ ಹಾಸಿದೆ. ಪಂಚೆಯ ಮೇಲೆ ಸಂಡಿಗೆ. ಪಕ್ಕದಲ್ಲಿ ಅಜ್ಜಿ.

"ಏನಜ್ಜೀ ಇದು?"

"ಸಂಡಿಗೆ ಕಣಪ್ಪ. ಮಳೆಗೆ ಮೆತ್ತಗಾಗಿದ್ವು, ಒಸಿ ಬಿಸ್ಲಿಗಾಕಿವ್ನಿ."

"ಕಾರಿನ ಮೇಲಾ?"

"ಪಂಚೆ ಮ್ಯಾಲೆ."

"ಪಂಚೆ ಯಾವುದರ ಮೇಲಿದೆ?"

"ಬಿಸ್ಲು ಎಲ್ಲೈತೋ ಅಲ್ಲೈತೆ."

ಬಣ್ಣ ಹಸಿ ಇದೆ, ಉಪ್ಪಿನ ಅಂಶ ತಾಗಬಾರದು, ಪಂಚೆ ಎಳೆದಾಡಿದರೆ ಗೀರು ಬೀಳುತ್ತದೆ, ಕಾರೇ ಮಾರಿಹೋಗುತ್ತದೆ ಎಂದು ವಿವರಿಸಿದೆ. ಅಜ್ಜಿ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡಳು.

"ನಿನ್ ಕಾರ್ ಬರಾಕ್ ಮುಂಚೆ ಇಲ್ಲೊಂದು ಚಪ್ಪಡಿ ಕಲ್ಲಿತ್ತು. ನಮ್ಮತ್ತೆ ಕಾಲ್ದಿಂದ ಅದ್ರ ಮ್ಯಾಲೇ ಒಣಗಾಕ್ತಿದ್ವಿ. ಕಲ್ ಕೀಳ್ಸಿ ಕಾರ್ ನಿಲ್ಸ್ದೋನು ನೀನು. ಈಗ ಇದೇ ನಮ್ಗೆ ಚಪ್ಪಡಿ."

ಅಜ್ಜಿ ಹೇಳಿದ್ದು ನಿಜವೇ. ಹಾಗೆಂದು ನಾನು ಬಿಡುವವನೂ ಅಲ್ಲ. ಕಾರ್ಖಾನೆಯಿಂದ ಎರಡು ಖಾಲಿ ಡ್ರಮ್ಮು ತಂದೆ, ಅವುಗಳ ಮೇಲೆ ಅಗಲವಾದ ಹಲಗೆ ಇಟ್ಟೆ, ಕಾರನ್ನು ಒಂದು ಮೊಳ ಹಿಂದೆ ಸರಿಸಿ ಬಿಸಿಲಿನಲ್ಲಿ ಅಜ್ಜಿಗೂ ಪಾಲು ಕೊಟ್ಟೆ. ಅಜ್ಜಿ ಹಲಗೆಯನ್ನು ಕುಟ್ಟಿ ನೋಡಿ ಒಪ್ಪಿದಳು. ಒಂದು ಕೋಲಿನ ತುದಿಗೆ ಕರಿ ಬಟ್ಟೆ ಕಟ್ಟಿಕೊಂಡು ಕಾಗೆ ಕಾಯಲು ಕೂತಳು.

ಆಮೇಲೆ ನಡೆದದ್ದೇ ವಿಚಿತ್ರ. ಅಜ್ಜಿಯ ಕೋಲಿಗೆ ಹೆದರಿ ಕಾಗೆಗಳು ಸಂಡಿಗೆಯನ್ನೂ ಬಿಟ್ಟವು, ನನ್ನ ಕಾರನ್ನೂ ಬಿಟ್ಟವು. ನಾನು ನೆಮ್ಮದಿಯಾಗಿ ಕೆಲಸಕ್ಕೆ ಹೋಗಿ ಬರತೊಡಗಿದೆ. ಒಂದು ದಿನ ಸಂಜೆ ಬಂದರೆ ಹಲಗೆ ಖಾಲಿ, ಅಜ್ಜಿ ಇಲ್ಲ, ಎದುರಿನ ಕರೆಂಟಿನ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತು ನನ್ನ ಕಾರನ್ನೇ ನೋಡುತ್ತಿವೆ. ಓಡಿಹೋಗಿ ಅಜ್ಜಿಯ ಬಾಗಿಲು ತಟ್ಟಿದೆ.

"ಅಜ್ಜೀ, ಸಂಡಿಗೆ ಇನ್ನೂ ಸ್ವಲ್ಪ ಮೆತ್ತಗಿದೆ ಅನ್ಸುತ್ತೆ. ಇನ್ನೊಂದಷ್ಟು ದಿನ ಒಣಗಿಸಿ."

"ಒಣಗಿದ್ ಮ್ಯಾಲೆ ಏನ್ ಒಣಗ್ಸೋದು? ಎಲ್ಲಾ ಡಬ್ಬಕ್ ತುಂಬಿದ್ದಾಯ್ತು." ಅಜ್ಜಿ ನನ್ನ ಮುಖ ನೋಡಿದಳು, ತಂತಿಯ ಮೇಲಿನ ಕಾಗೆಗಳನ್ನು ನೋಡಿದಳು. "ಕಾಗೆ ಕಾಯಾಕೆ ನಾನೇ ಬೇಕು ಅನ್ನಂಗಿದ್ರೆ ಅಂಗೇ ಯೋಳು. ಅಕ್ಕಿ ತಂದಾಕು, ಇನ್ನೊಂದ್ ಸಲ ಸಂಡಿಗೆ ಮಾಡ್ತೀನಿ."

ತಂದು ಹಾಕಿದೆ. ಒಳ್ಳೆ ಅಕ್ಕಿ.

೪. ಬನಿಯನ್ ವೇಸ್ಟು

ಪೀಣ್ಯದಲ್ಲಿ ಕೈ ಒರೆಸಲು, ಮಿಷನ್ನು ಒರೆಸಲು, ಬೆಂಚು ಒರೆಸಲು, ಎಲ್ಲದಕ್ಕೂ ಒಂದೇ ಮದ್ದು. ಬನಿಯನ್ ವೇಸ್ಟು. ಬನಿಯನ್ ಕಾರ್ಖಾನೆಗಳಲ್ಲಿ ಉಳಿದ ಚೂರು ಬಟ್ಟೆ. ನೋಡಲು ಹತ್ತಿಯ ಹಾಗೆ ಮೃದು. ಆದರೆ ಅದು ಒಂದು ಸಲ ಲೇತಿನ ಪಕ್ಕ ಬಿದ್ದಿತೆಂದರೆ ಮುಗಿಯಿತು, ಒಳಗೆಲ್ಲ ಕಬ್ಬಿಣದ ಸಣ್ಣ ಸಣ್ಣ ಸಿಬಿರು ಹೊಕ್ಕು ಕೂತಿರುತ್ತದೆ. ನಮ್ಮ ಅಂಗೈಗಳು ಅದಕ್ಕೆ ಒಗ್ಗಿಹೋಗಿವೆ. ಹಸಿ ಬಣ್ಣ ಒಗ್ಗುವುದಿಲ್ಲ.

ನಮ್ಮ ಯಜಮಾನರು ಬಹಳ ಗಟ್ಟಿ ಮನುಷ್ಯ. ಅವರು ಶೆಡ್ಡಿನೊಳಗೆ ಬಂದರೆ ಮಿಷನ್ನುಗಳೂ ಮೆಲ್ಲಗೆ ತಿರುಗುತ್ತವೆ ಎಂದು ನಾವು ಹೇಳಿಕೊಳ್ಳುವುದುಂಟು. ಅವರಿಗೆ ಎದುರಾಡಿದವರನ್ನು ನಾನು ಕಂಡಿರಲಿಲ್ಲ. ಒಂದು ದಿನ ನಾನು ಕಾರಿನಲ್ಲೇ ಕೆಲಸಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಅವರು ಹೊರಗೆ ಬಂದು ನನ್ನ ಕಾರಿನ ಮುಂದೆ ನಿಂತರು.

"ಪರವಾಗಿಲ್ವೇ, ಮದುಮಗಳ ಥರ ಮಾಡ್ಸಿದೀಯ. ಆದ್ರೆ ಧೂಳು ಕೂತಿದೆಯಲ್ಲೋ," ಎಂದರು. ಶೆಡ್ಡಿನ ಬಾಗಿಲ ಪಕ್ಕದ ಲೇತಿನ ಮೇಲೆ ಬಿದ್ದಿದ್ದ ಬನಿಯನ್ ವೇಸ್ಟಿನ ಉಂಡೆಯನ್ನು ಎತ್ತಿಕೊಂಡರು. ಬಹಳ ಅಕ್ಕರೆಯಿಂದ ಬಾನೆಟ್ಟಿನ ಕಡೆಗೆ ಕೈ ಚಾಚಿದರು.

ಆಯುಧಪೂಜೆ, ಷಡ್ಡಕರು, ಡೀಲರ್, ಎಲ್ಲವೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು.

"ಕೈ ತೆಗೀರೀ!" ಎಂದು ಅರಚಿದೆ.

ಇಡೀ ಶೆಡ್ಡು ನಿಂತಿತು. ತುತ್ತು ಬಾಯಿಗಿಟ್ಟವರು ಹಾಗೇ ಕೂತರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸಿಟ್ಟು ನೆತ್ತಿಗೇರಿತ್ತು, ಮುಂದಕ್ಕೇ ಹೋದೆ. "ಸ್ವಲ್ಪನಾದ್ರೂ ಯೋಚನೆ ಬೇಡ್ವಾ ಸಾರ್? ಅದರಲ್ಲಿ ಸಿಬಿರಿದೆ! ದಿನಾ ನೋಡ್ತೀರಿ! ನಿಮ್ಮ ಕಾರಿಗೆ ಹಚ್ತೀರಾ ಇದನ್ನ? ಇಲ್ಲಿ ಕೊಡಿ!" ಅವರ ಕೈಯಿಂದ ಉಂಡೆ ಕಿತ್ತುಕೊಂಡು ಕಸದ ಡಬ್ಬಕ್ಕೆ ಹಾಕಿದೆ.

ಯಜಮಾನರು ತಮ್ಮ ಖಾಲಿ ಕೈ ನೋಡಿಕೊಂಡರು. ನನ್ನನ್ನು ನೋಡಿದರು. "ಗೊತ್ತಾಗ್ಲಿಲ್ಲಪ್ಪ," ಎಂದು ಹೇಳಿ ಒಳಗೆ ಹೋದರು.

ಕೆಲಸ ಹೋಯಿತೆಂದೇ ಎಣಿಸಿದೆ. ಸಂಜೆಯವರೆಗೂ ಕರೆ ಬರಲಿಲ್ಲ. ಗಂಟೆ ಹೊಡೆದ ಮೇಲೆ ಕೈಕಾಲು ತೊಳೆದುಕೊಂಡ ಕೆಲಸಗಾರರೆಲ್ಲ ಗುಂಪಾಗಿ ನನ್ನ ಹತ್ತಿರ ಬಂದರು. ಸಮಾಧಾನ ಹೇಳಲು ಬಂದರೆಂದುಕೊಂಡೆ. ಅವರಲ್ಲಿ ಹಿರಿಯವನು ಮುಂದೆ ಬಂದು ತಲೆ ಕೆರೆದುಕೊಂಡ.

"ಅಣ್ಣ, ಇದೇ ಬಿಸೀಲಿ ಬೋನಸ್ಸಿನ ವಿಷಯಾನೂ ಮಾತಾಡ್ಬಿಡ್ತೀರಾ? ಬೇಕಾದ್ರೆ ಕಾರ್ ಒಳಗಡೆ ತಂದು ನಿಲ್ಲಿಸ್ತೀವಿ."

೫. ಮರದ ಕೆಳಗಿನ ಹೋಳಿಗೆ

ಷಡ್ಡಕರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಲಗ್ಗೆರೆಯಿಂದ ಕುಂದಲಹಳ್ಳಿಗೆ ಹೊಸ ಬಣ್ಣದ ಕಾರಿನಲ್ಲಿ ಹೋಗುವುದೆಂದರೆ ಊರಿನ ಈ ತುದಿಯಿಂದ ಆ ತುದಿಗೆ ತಲೆಯ ಮೇಲೆ ತುಪ್ಪದ ಗಡಿಗೆ ಹೊತ್ತು ಹೋದ ಹಾಗೆ. ಜಾಮಿನಲ್ಲಿ ಬೈಕಿನವರು ಹ್ಯಾಂಡಲ್ ತೂರಿಸಿ ನುಗ್ಗುತ್ತಾರೆ. ನಾನು ಬಲಗಡೆಯ ಕಿಟಕಿಯಿಂದ ತಲೆ ಹೊರಗಿಟ್ಟು ಬೈಯುತ್ತಿದ್ದೆ. ಎಡಗಡೆಯನ್ನು ಹೆಂಡತಿಗೆ ವಹಿಸಿದ್ದೆ. ಅವಳಿಗೆ ಬೈಯಲು ಬಾರದು. ಹತ್ತಿರ ಬಂದವರನ್ನೆಲ್ಲ "ಸ್ವಲ್ಪ ನೋಡ್ಕೊಂಡು ಹೋಗಪ್ಪ, ಇವ್ರಿಗೆ ಬಿಪಿ ಇದೆ," ಎಂದು ಕೇಳಿಕೊಳ್ಳುತ್ತಿದ್ದಳು. ಹೇಳಬೇಕೆಂದರೆ ಎಡಗಡೆಯಲ್ಲೇ ಜನ ಹೆಚ್ಚು ದೂರ ಸರಿದರು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. ನೆಲಮಾಳಿಗೆಯಲ್ಲಿ ಜಾಗ ಮನೆಯವರಿಗೆ ಮಾತ್ರ, ಬಂದುಹೋಗುವವರ ಗಾಡಿ ಹೊರಗಡೆ ಎಂದ. ಹೊರಗಡೆ ಎಂದರೆ ಎಲ್ಲಿ? ದೊಡ್ಡ ಹೊಂಗೆ ಮರದ ಕೆಳಗೆ. ಮರದ ತುಂಬ ಹಕ್ಕಿಗಳು. ಅಲ್ಲಿ ಮೊದಲೇ ನಿಂತಿದ್ದ ಕಾರಿನ ಮೂಲ ಬಣ್ಣ ಯಾವುದೆಂದು ಹೇಳುವುದು ಕಷ್ಟವಾಗಿತ್ತು.

ಷಡ್ಡಕರಿಗೆ ಫೋನ್ ಮಾಡಿದೆ. "ರೂಲ್ಸು ಕಣಪ್ಪ, ನಾನೇನ್ ಮಾಡ್ಲಿ. ನಿಲ್ಲಿಸಿ ಮೇಲೆ ಬಾ, ಎಲ್ರೂ ಕಾಯ್ತಿದಾರೆ," ಎಂದರು. ದನಿಯಲ್ಲಿ ನಗು ಇತ್ತು.

"ನಾನು ಮೇಲೆ ಬರಲ್ಲ. ಇಲ್ಲೇ ಕಾಯ್ತೀನಿ," ಎಂದೆ. ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಒಬ್ಬಳೇ ಮೇಲೆ ಹೋದಳು. ನಾನು ಡಿಕ್ಕಿಯಲ್ಲಿದ್ದ ಕೊಡೆ ತೆಗೆದು ಹಕ್ಕಿ ಕೂತ ಕೊಂಬೆಯನ್ನು ನೋಡಿಕೊಂಡು ಕಾರಿನ ಸುತ್ತ ಓಡಾಡಿದೆ. ಹಕ್ಕಿ ಎಡಕ್ಕೆ ಸರಿದರೆ ನಾನೂ ಎಡಕ್ಕೆ.

ಊಟದ ಹೊತ್ತಿಗೆ ಹೆಂಡತಿ ತಟ್ಟೆ ತಂದುಕೊಟ್ಟಳು. ಹೋಳಿಗೆ, ತುಪ್ಪ, ಕೋಸಂಬರಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹೋಳಿಗೆ ಹಿಡಿದು ನಿಂತೇ ತಿನ್ನುತ್ತಿದ್ದೆ. ಹೆಂಡತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ವಾಚ್‌ಮನ್ ಬಂದ.

"ಡ್ರೈವರ್‌ಗಳ ಊಟ ಹಿಂದ್ಗಡೆ ಜನರೇಟರ್ ಪಕ್ಕ ಕಣ್ರೀ. ಇಲ್ಲಿ ತಿನ್ಬಾರ್ದು, ಕಂಪ್ಲೇಂಟ್ ಬರುತ್ತೆ."

"ನಾನು ಡ್ರೈವರ್ ಅಲ್ರೀ. ಓನರ್!"

ಅವನು ನನ್ನನ್ನು ನೋಡಿದ. ಕೊಡೆ ನೋಡಿದ. ಕಾರಿನ ಸುತ್ತ ಒಂದು ಸುತ್ತು ಬಂದು ಪುನಃ ನನ್ನನ್ನು ನೋಡಿದ. ಮುಖದಲ್ಲಿ ಕನಿಕರ ಮೂಡಿತು.

"ಹೌದಾ ಸಾರ್... ಹೋಗ್ಲಿ ಬಿಡಿ, ಇಲ್ಲೇ ತಿನ್ನಿ. ಯಾರಾದ್ರೂ ಕೇಳಿದ್ರೆ ಮಾತ್ರ ಡ್ರೈವರ್ ಅಂತ್ಲೇ ಹೇಳಿ. ಓನರ್ ಅಂದ್ರೆ ಇಲ್ಲಿ ಯಾರೂ ನಂಬಲ್ಲ."

ವಾಪಸು ಬರುವಾಗ ಹೆಂಡತಿಯ ಮುಖ ಕಾರಿನ ಬಣ್ಣಕ್ಕೆ ತಿರುಗಿತ್ತು. ಕೋಪ ನನ್ನ ಮೇಲೆ ಎಂದುಕೊಂಡೆ. ಎಡಗಡೆ ನುಗ್ಗಿದ ಒಬ್ಬ ಬೈಕಿನವನಿಗೆ ಅವಳು ಅಂದ ಮಾತು ಕೇಳಿ ನನಗೇ ಬೆವರು ಬಂತು. ಬೈಯಲು ಬಾರದು ಎಂದು ಅಲ್ಲಿಯವರೆಗೂ ತಿಳಿದಿದ್ದೆ.

೬. ಎಡಗಡೆಯ ಬಾಗಿಲು

ಆಯುಧಪೂಜೆ ಬಂತು. ಹಿಂದಿನ ದಿನ ನಾನು ಕಾರನ್ನು ಮನೆಯಲ್ಲೇ ಬಿಟ್ಟು ಹೋಗಿ, ಕಾರ್ಖಾನೆಯ ಪೂಜೆ ಮುಗಿಸಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ ತಣ್ಣೀರಿನ ಬಕೆಟ್ಟು, ಮೆತ್ತನೆಯ ಬಟ್ಟೆ ಹಿಡಿದು ಹೊರಗೆ ಬಂದೆ. ಬಂದವನು ಬಕೆಟ್ಟನ್ನು ಕಾಲ ಮೇಲೆ ಬಿಟ್ಟುಕೊಂಡೆ.

ಹೆಂಡತಿ ಆಗಲೇ ಎದ್ದು ಕಾರಿಗೆ ಬಾಳೆಕಂದು ಕಟ್ಟಿದ್ದಳು, ಚೆಂಡುಹೂವಿನ ಹಾರ ಹಾಕಿದ್ದಳು. ಅಷ್ಟಾಗಿದ್ದರೆ ಸರಿ. ಎಡಗಡೆಯ ಹಿಂದಿನ ಬಾಗಿಲ ಮೇಲೆ ಮೊರದಗಲದ ಸ್ವಸ್ತಿಕ. ಅರಿಶಿನವನ್ನು ಕಲಸಿ ಗೋಡೆಗೆ ಮೆತ್ತಿದ ಹಾಗೆ ಮೆತ್ತಿದ್ದಳು. ಅದರ ಸುತ್ತ ಕುಂಕುಮದ ಬೊಟ್ಟು, ನಡುವೆ ಗಂಧ.

"ಏನೇ ಇದು! ಹಸಿ ಬಣ್ಣ ಕಣೇ! ಅರಿಶಿನ ಹಚ್ಚಬೇಡಿ ಅಂತ ಪೇಂಟರ್ ಬಡ್ಕೊಂಡಿದ್ದ!"

"ಪೇಂಟರ್ ಏನು ದೇವರಾ?"

"ಒರೆಸ್ತೀನಿ, ಪಕ್ಕಕ್ಕೆ ಸರಿ."

ಅವಳು ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಳು. "ಮುಟ್ಟಿ ನೋಡಿ. ಇವತ್ತು ಒಲೆ ಹಚ್ಚಲ್ಲ."

ಹಬ್ಬದ ದಿನ. ಯಜಮಾನರ ಕೈಯಿಂದ ಬನಿಯನ್ ವೇಸ್ಟು ಕಿತ್ತವನು ನಾನು, ಆದರೆ ಇಲ್ಲಿ ನನ್ನ ಆಟ ನಡೆಯಲಿಲ್ಲ. ಆ ಸಿಟ್ಟನ್ನು ಅರ್ಚಕರ ಮೇಲೆ ತೀರಿಸಿಕೊಂಡೆ. ಬೀದಿಯ ಗಾಡಿಗಳಿಗೆಲ್ಲ ಪೂಜೆ ಮಾಡುತ್ತ ಬಂದ ಅವರು ನನ್ನ ಬಾನೆಟ್ಟಿನ ಮುಂದೆ ಅರಿಶಿನದ ಬಟ್ಟಲು ಎತ್ತಿದರು.

"ಗಾಜಿಗೆ ಮಾತ್ರ ಹಚ್ಚಿ ಸ್ವಾಮಿ," ಎಂದೆ.

"ಗಾಜಿಗೆ ಪೂಜೆ ಮಾಡಿದ್ರೆ ಗಾಜಿಗೆ ಮಾತ್ರ ಫಲ," ಎಂದರು.

"ಪರವಾಗಿಲ್ಲ. ಮಿಕ್ಕಿದ್ದನ್ನ ನಾನು ನೋಡ್ಕೋತೀನಿ."

ಅಷ್ಟು ಹೊತ್ತಿಗೆ ಷಡ್ಡಕರ ಬಿಳಿ ಕಾರು ಬೀದಿಗೆ ಬಂತು. ಅವರು, ಅವರ ಹೆಂಡತಿ, ಜೊತೆಗೆ ಕುತ್ತಿಗೆಗೆ ಚಿನ್ನದ ಸರ ಹಾಕಿದ ಇನ್ನೊಬ್ಬ. ಡೀಲರನ್ನು ಹಬ್ಬದ ದಿನವೇ ಕರೆದುಕೊಂಡು ಬಂದಿದ್ದರು! ಷಡ್ಡಕರು ಕನ್ನಡಕ ಒರೆಸಿಕೊಂಡು ಹಾಕಿಕೊಂಡರು. ಬಾನೆಟ್ಟು ನೋಡಿದರು, ತಲೆ ಬಗ್ಗಿಸಿ ಓರೆಯಿಂದ ನೋಡಿದರು. ಬಲಗಡೆ ನೋಡಿದರು. ಡಿಕ್ಕಿ ನೋಡಿದರು. ಡೀಲರ್ ಬೆರಳಿಂದ ತಟ್ಟಿ ನೋಡುತ್ತ ಬಂದ. ನಾನು ಅವನ ಬೆರಳಿನ ಉಂಗುರವನ್ನೇ ನೋಡುತ್ತ ಹಿಂದೆ ಹೋದೆ. ಎಲ್ಲೂ ಒಂದು ಗೆರೆ ಇಲ್ಲ. ಎದುರು ಮನೆಯ ಅಜ್ಜಿ ಜಗಲಿಯ ಮೇಲೆ ಕೂತು, ತಾನೇ ಬಣ್ಣ ಹೊಡೆದವಳ ಹಾಗೆ ತಲೆಯಾಡಿಸುತ್ತಿದ್ದಳು.

ಎಡಗಡೆಯ ಬಾಗಿಲಿಗೆ ಬಂದಾಗ ಷಡ್ಡಕರು ನಿಂತರು. ಸ್ವಸ್ತಿಕವನ್ನು ನೋಡಿದರು. ಅವರ ಹುಬ್ಬು ಮೇಲೆ ಹೋಯಿತು.

"ಇಷ್ಟು ದೊಡ್ಡದ್ಯಾಕೆ? ಇದರ ಕೆಳಗೇನಿದೆ?" ಎನ್ನುತ್ತ ಜೇಬಿನಿಂದ ಕರ್ಚೀಫು ತೆಗೆದರು.

"ಭಾವಾ!"

ನನ್ನ ಹೆಂಡತಿಯ ದನಿ ಬೀದಿಯ ಆ ತುದಿಗೆ ಕೇಳಿಸಿತು. ಅರ್ಚಕರ ಗಂಟೆ ನಿಂತಿತು.

"ಆಯುಧಪೂಜೆ ದಿನ ದೇವರನ್ನ ಒರೆಸ್ತೀರಾ? ಒರೆಸಿ ನೋಡೋಣ!"

"ಅಯ್ಯೋ ಸಿವನೇ!" ಎಂದು ಅಜ್ಜಿ ಎದ್ದು ನಿಂತಳು. "ಅಬ್ಬದ್ ದಿನ ಸ್ವಸ್ತಿಕ ಒರೆಸ್ತಾರಂತೆ!" ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಅರ್ಚಕರು ಷಡ್ಡಕರನ್ನು ದುರುಗುಟ್ಟಿ ನೋಡಿದರು. ಷಡ್ಡಕರ ಹೆಂಡತಿಯೇ ಮುಂದೆ ಬಂದು ಕರ್ಚೀಫು ಕಸಿದುಕೊಂಡರು. "ಬುದ್ಧಿ ನೆಟ್ಟಗಿದೆಯೇನ್ರೀ?"

ನನ್ನ ಹೆಂಡತಿ ಬಿಡಲಿಲ್ಲ. "ಮಾತು ಮಾತೇ ಭಾವ. ಗೀರು ಕಂಡ್ತಾ?"

"ಕಾಣ್ಲಿಲ್ಲ. ಆದ್ರೆ..."

"ಕಾಣ್ಲಿಲ್ಲ. ಅಷ್ಟೇ. ಇನ್ಯಾರೂ ನಮ್ಮ ಕಾರು ಮಾರೋ ಮಾತೆತ್ತಬಾರದು."

'ನಮ್ಮ ಕಾರು' ಎಂದಳು. ಅಲ್ಲಿಯವರೆಗೂ ಅವಳ ಬಾಯಲ್ಲಿ ಅದು 'ನಿಮ್ಮ ಕಾರು' ಆಗಿತ್ತು. ಡೀಲರ್ ಒಂದು ಲೋಟ ಪಾನಕ ಕುಡಿದು ಆಟೋ ಹಿಡಿದು ಹೋದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಷಡ್ಡಕರ ಹೆಂಡತಿ ಆ ಸ್ವಸ್ತಿಕವನ್ನೇ ನೋಡುತ್ತಿದ್ದರು. "ಎಷ್ಟು ಲಕ್ಷಣವಾಗಿ ಬರೆದಿದೀಯ ಕಣೇ. ನಮ್ಮ ಕಾರಿಗೂ ಅಲ್ಲೇ ಬರೆದ್ಬಿಡು. ದೇವರ ಮುಂದೆ ಇವರು ಆಡಿದ್ದಕ್ಕೂ ಒಂದು ತಪ್ಪುಕಾಣಿಕೆ ಆಗುತ್ತೆ." ಷಡ್ಡಕರು ಏನೋ ಹೇಳಲು ಹೋದರು. ಅರ್ಚಕರು ನೋಡಿದರು. ಷಡ್ಡಕರು ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಟ್ಟಲಿನಲ್ಲಿ ಉಳಿದ ಅರಿಶಿನವನ್ನೆಲ್ಲ ಆ ಬಿಳಿ ಬಾಗಿಲಿಗೆ ಧಾರಾಳವಾಗಿ ಮೆತ್ತಿದಳು.

ಅವರು ಹೋದ ಮೇಲೆ ನನ್ನನ್ನು ಕಾರಿನ ಹತ್ತಿರ ಕರೆದಳು. ದನಿ ಸಣ್ಣದಾಗಿತ್ತು.

"ನಿನ್ನೆ ಅಜ್ಜಿ ಹಬ್ಬದ ಸಾಮಾನು ತರೋಕೆ ಹೋಗಿದ್ರು. ಕಾಗೆ ಬಂದು ಬಾಗಿಲ ಮೇಲೆ ಗಲೀಜು ಮಾಡ್ಬಿಟ್ಟಿತ್ತು. ಬಣ್ಣ ತಿನ್ನುತ್ತೆ ಅಂತ ಪೇಂಟರ್ ಹೇಳಿದ್ನಲ್ಲ, ನೀವು ಬರೋಷ್ಟ್ರಲ್ಲಿ ತೆಗೆದ್ಬಿಡೋಣ ಅಂತ ಉಜ್ಜಿದೆ."

"ಯಾವುದರಲ್ಲಿ ಉಜ್ಜಿದೆ?"

"ಪಾತ್ರೆ ತಿಕ್ಕೋ ಸ್ಟೀಲ್ ನಾರಲ್ಲಿ."

ಕಾರಿನ ಮುಂದಿನ ಬಾಗಿಲಿಗೆ ಒರಗಿಕೊಂಡೆ. ಅದೂ ಹಸಿ ಬಣ್ಣವೆಂದು ನೆನಪಾಗಿ ಎದ್ದು ನಿಂತೆ.

"ಮಾರಬೇಕು ಅಂತಿದ್ದೋಳು ನೀನು. ಗೀರು ತೋರಿಸಿದ್ರೆ ಮುಗೀತಿತ್ತಲ್ಲ."

"ಅವತ್ತು ಆ ವಾಚ್‌ಮನ್ ಓನರ್ ಅಂದ್ರೆ ಯಾರೂ ನಂಬಲ್ಲ ಅಂದ್ನಲ್ಲ, ಮೇಲೆ ಹೋಗಿ ಹೇಳಿದ್ರೆ ಭಾವ ಬಿದ್ದು ಬಿದ್ದು ನಕ್ರು. ಆವಾಗ್ಲೇ ತೀರ್ಮಾನ ಮಾಡ್ದೆ. ಸತ್ರೂ ಮಾರಬಾರದು."

ನನಗೆ ಕಣ್ಣು ತುಂಬಿಬಂತು. ಬಣ್ಣಕ್ಕೋ ಅವಳಿಗೋ ಎಂದು ಆಗ ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ಈಗ ಗೊತ್ತು, ಅವಳಿಗೇ. ಆ ಸ್ವಸ್ತಿಕವನ್ನು ನಾನು ಒರೆಸಲಿಲ್ಲ. ಪ್ರತಿ ಶುಕ್ರವಾರ ಅದರ ಮೇಲೆ ಅವಳೇ ಹೊಸದಾಗಿ ಬರೆಯುತ್ತಾಳೆ. ನಮ್ಮ ಬೀದಿಯಲ್ಲಿ ಅಷ್ಟು ದೈವಭಕ್ತಿಯ ಕಾರು ಇನ್ನೊಂದಿಲ್ಲ ಎಂದು ಅರ್ಚಕರು ಎಲ್ಲರಿಗೂ ಹೇಳುತ್ತಾರೆ.

ಹಬ್ಬ ಕಳೆದು ಕೆಲವು ದಿನವಾಗಿತ್ತು. ಷಡ್ಡಕರಿಂದ ಫೋನ್ ಬಂತು. ದನಿ ತಗ್ಗಿತ್ತು, ಆದರೆ ಈ ಸಲ ಗರ್ಭಗುಡಿಯ ದನಿಯಲ್ಲ.

"ಏನಪ್ಪಾ, ಈ ಅರಿಶಿನ ಯಾವುದರಲ್ಲಿ ತೊಳೆದ್ರೂ ಹೋಗ್ತಾನೇ ಇಲ್ಲ. ಬಿಳಿ ಬಾಗಿಲಲ್ಲಿ ಹಳದಿ ಹಂಗೇ ಕೂತಿದೆ. ಕೋಟಿಂಗ್‌ನೋರು ಇದು ನಮ್ಮ ಗ್ಯಾರಂಟೀಲಿ ಬರಲ್ಲ ಅಂತಾರೆ. ಕೆಳಗಿನ ವಾಚ್‌ಮನ್ ದಿನಾ ಕೈಮುಗೀತಾನೆ. ಏನ್ ಮಾಡೋದು?"

ಹೆಂಡತಿ ಪಕ್ಕದಲ್ಲೇ ಕೂತು ಕಿವಿಗೊಟ್ಟು ಕೇಳುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಫೋನ್ ಕಿತ್ತುಕೊಂಡಳು.

"ಇರ್ಲಿ ಬಿಡಿ ಭಾವ. ಹೊಸ ಕಾರಲ್ವಾ, ಬಾಣಂತಿ ಇದ್ದಂಗೆ. ಬಾಣಂತಿಗೆ ಅರಿಶಿನ ಒಳ್ಳೇದು."